ಕುಬಸದ ಸೀರೆಗೊಂದು ಕ್ರಾಸಿಂಗ್

ನನ್ನ ಮೊಬೈಲಿನಲ್ಲಿ ಮನೆಯವರ ಫೋಟೊಗಿಂತ ಇಂಜಿನ್ನುಗಳ ಫೋಟೊಗಳೇ ಜಾಸ್ತಿ. ಏನು ಮಾಡಲಿ, ಮನೆಯವರು ನಿಲ್ಲಿ ಅಂದರೂ ನಿಲ್ಲುವುದಿಲ್ಲ. ನಮ್ಮ ಜಹೀರಾಬಾದ್ ಲೈನಿನ ಪ್ಯಾಸೆಂಜರ್ ಹೇಳದೆಯೇ ನಿಲ್ಲುತ್ತದೆ.

ವಿಕಾರಾಬಾದಿನಲ್ಲಿ ದೊಡ್ಡ ಲೈನಿನಿಂದ ಕವಲೊಡೆದು ನಮ್ಮ ಕಡೆ ಬರುವ ಈ ಹಳಿ ಒಂಟಿ. ಎದುರಿನಿಂದ ಗಾಡಿ ಬರುವುದಿದ್ದರೆ ಈ ಕಡೆಯದು ಯಾವುದಾದರೂ ಸಣ್ಣ ಸ್ಟೇಷನ್ನಿನಲ್ಲಿ ಪಕ್ಕಕ್ಕೆ ಸರಿದು ಕಾಯಬೇಕು. ಅದಕ್ಕೆ ಕ್ರಾಸಿಂಗ್ ಅಂತ ಹೆಸರು. ಜನ ಅದನ್ನು ಲೇಟು ಅಂತ ಬೈಯುತ್ತಾರೆ. ನಾನು ಮರ್ಯಾದೆ ಅನ್ನುತ್ತೇನೆ.

ಇಂಥ ಭಾಷಣ ಮಾಡಿಯೇ ಮೊಗುಡಂಪಲ್ಲಿಯ ಕಾಕಿಗೆ, ಅಂದರೆ ಚಿಕ್ಕಮ್ಮನಿಗೆ, ಬಸ್ಸು ಬಿಡಿಸಿ ರೈಲು ಹತ್ತಿಸಿದ್ದೆ. ವಿಕಾರಾಬಾದಿನಲ್ಲಿ ಗಾಡಿ ಬದಲಿಸಿದರೆ ತಾಂಡೂರು. ಅಲ್ಲಿ ಅವಳ ಮಗಳು ಶೋಭಕ್ಕನ ಕುಬಸ. ಬಸುರಿಗೆ ತವರಿನ ಹಸಿರು ಸೀರೆ ಉಡಿಸದೆ ಉಡಿ ತುಂಬುವಂತಿಲ್ಲ. ಕಾಕಿ ಆ ಸೀರೆಯ ಚೀಲವನ್ನು ನನ್ನ ಹೆಗಲಿಗೇ ಹಾಕಿ, "ಏನೇ ಆಗ್ಲಿ, ಇದನ್ನ ಕೆಳಗ ಇಡಬ್ಯಾಡ" ಅಂದಿದ್ದಳು. ಇಡಲಿಲ್ಲ. ಅದೇ ತೊಂದರೆಯಾಯಿತು.

ದಾರಿಯಲ್ಲಿ ಕ್ರಾಸಿಂಗ್ ಬಿತ್ತು. ಎದುರಿನ ಗಾಡಿ ಬಂದು ಪಕ್ಕದಲ್ಲೇ ನಿಂತಿತು. ಅದರ ಇಂಜಿನ್ ನಾನು ಹಿಂದೆಂದೂ ನೋಡಿರದಂಥದ್ದು! ಚೀಲದ ಸಮೇತ ಇಳಿದು ಓಡಿದೆ. ಎಡದಿಂದ, ಬಲದಿಂದ, ಕುಕ್ಕರುಗಾಲಲ್ಲಿ ಕೂತು ಫೋಟೊ ತೆಗೆದೆ. ಹಾರ್ನ್ ಕೇಳಿಸಿತು. ಕೈಗೆ ಸಿಕ್ಕ ಬಾಗಿಲು ಹಿಡಿದು ಹತ್ತಿದೆ. ಎರಡೂ ಗಾಡಿಗಳ ಡಬ್ಬಿ ಒಂದೇ ನೀಲಿ, ನೋಡಿ.

ಆಚೆ ಗಾಡಿಯ ಕಿಟಕಿಯಲ್ಲಿ ಕಾಕಿ ಕಂಡಳು. ಪಾಪ, ಹಿಂದಕ್ಕೆ ಹೋಗುತ್ತಿದ್ದಾಳಲ್ಲ ಅನ್ನಿಸಿ, "ಇಳಿ, ಇಳಿ" ಅಂತ ಕೈ ಬೀಸಿದೆ. ಫೋನ್ ಬಂತು.

"ಎಲ್ಲಿಗೆ ಹೊಂಟೀಯೋ ಇಂಜಿನಪ್ಪಾ?"

"ತಾಂಡೂರಿಗೆ, ಕಾಕಿ."

"ತಾಂಡೂರಿಗೆ ನಾ ಹೊಂಟೀನಿ. ನೀ ನನ್ನ ಮಗಳ ಸೀರಿ ತಗೊಂಡು ಬೀದರಿಗೆ ಹೊಂಟೀದಿ!"

ಎದುರು ಕೂತಿದ್ದ ಮುದುಕರೊಬ್ಬರು, "ಖರೇ ಅದರಿ, ಇದು ಬೀದರ ಗಾಡಿನೇ" ಅಂತ ಸಾಕ್ಷಿ ನುಡಿದರು.

ಜಹೀರಾಬಾದಿನಲ್ಲೇ ಇಳಿದೆ. ಅಷ್ಟೆಲ್ಲ ಬೈದಿದ್ದ ಬಸ್ಸಿನಲ್ಲೇ, ಕಂಬಿ ಹಿಡಿದು ನಿಂತು, ತಾಂಡೂರು ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ಕುಬಸ ಮುಗಿದೇ ಹೋಗಿರುತ್ತದೆ, ಕಾಕಿ ಬೀಗರ ಮುಂದೆ ತಲೆ ತಗ್ಗಿಸಿರುತ್ತಾಳೆ ಅಂದುಕೊಂಡು ಬಾಗಿಲಲ್ಲಿ ನಿಂತೆ. ಶೋಭಕ್ಕನೊಬ್ಬಳಿಗೆ ಉಣಿಸಿ, ಹೆಂಗಸರೆಲ್ಲ ಹರಟುತ್ತ ಕೂತಿದ್ದರು. ಅವಳ ಅತ್ತೆ ಅಂದರು: "ಹಸರು ಸೀರಿ ನಮ್ಮನ್ಯಾಗೂ ಅವ ತಮ್ಮಾ. ತವರಿಂದು ಬರ್ಲಿ ಅಂತ ಕುಂತೀವಿ."

"ಸಿಗ್ನಲ್ ಸಿಕ್ತೇನೋ?" ಅಂತ ಶೋಭಕ್ಕ ನಕ್ಕಳು. ಕಾಕಿ ನನ್ನ ಹೆಗಲಿನಿಂದ ಚೀಲ ತೆಗೆದುಕೊಂಡು ತಲೆಗೊಂದು ಮೊಟಕಿದಳು.

ಎದುರಿನದು ಬರುವವರೆಗೆ ಹೊರಡದೆ ಕಾಯುವುದನ್ನು ರೈಲಿನವರೇ ಕಂಡುಹಿಡಿದರು ಅಂದುಕೊಂಡಿದ್ದೆ.

ಅವತ್ತು ಮನೆಯವರೆಲ್ಲ, ಹಸಿರು ಸೀರೆಯ ಶೋಭಕ್ಕನನ್ನು ನಡುವೆ ಕೂರಿಸಿಕೊಂಡು, ತಾವಾಗಿಯೇ ಫೋಟೊಗೆ ನಿಂತರು. ಮೊಬೈಲಿನಲ್ಲಿ ಜಾಗವಿರಲಿಲ್ಲ. ಬೆಳಗಿನ ಇಂಜಿನ್ನನ್ನು ಅಳಿಸಿದೆ.