ಹುಣಸೇಕೆರೆ ಏರಿಯ ಎರಡು ಮುಖದ ಹಲಗೆ

ಬೆಳಗಿನ ಆರೂಕಾಲು. ಬಾಗಲೂರಿನ ಹತ್ತಿರದ ಹುಣಸೇಕೆರೆ ಏರಿಯ ಮೇಲೆ ಹಾಲಿನ ಸೈಕಲ್ಲೊಂದು ಬರುತ್ತಿದೆ. ಅದು ನಿಲ್ಲುವಂತಿಲ್ಲ.

ತುಳಿಯುತ್ತಿರುವವರು ರಾಮಾಂಜಿನಪ್ಪ. ಕ್ಯಾರಿಯರಿನ ಎರಡೂ ಪಕ್ಕಕ್ಕೆ ತುಂಬಿದ ಕ್ಯಾನುಗಳು, ಹ್ಯಾಂಡಲಿಗೆ ಇನ್ನೆರಡು ಚಿಕ್ಕವು. ಎಲ್ಲ ಸೇರಿ ಅರವತ್ತು ಲೀಟರು. ಈ ಭಾರದಲ್ಲಿ ಕಾಲೂರಿದರೆ ಸೈಕಲ್ ವಾಲುತ್ತದೆ. ಮತ್ತೆ ಹತ್ತಲು ಇನ್ನೊಬ್ಬರು ಹಿಂದಿನಿಂದ ಹಿಡಿಯಬೇಕು. ಮನೆಯ ಮುಂದೆ ಹೆಂಡತಿ ಗೋವಿಂದಮ್ಮ ಹಿಡಿದು, ತಳ್ಳಿ ಬಿಡುತ್ತಾರೆ. ಅಲ್ಲಿಂದ ಹೊಸೂರಿನ ಹೋಟೆಲಿನ ತನಕ ರಾಮಾಂಜಿನಪ್ಪ ಇಳಿಯುವುದಿಲ್ಲ. ಬೆಲ್ಲಿನ ಬದಲು ಬಾಯಿ: "ಹಾಲೋ, ಹಾಲು!"

ಈ ಏರಿಗೆ ಹಳೆಯದೊಂದು ವಾಡಿಕೆ ಇದೆ. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಗದ್ದೆಯ ಇಳಿಜಾರು. ಭಾರ ಹೊತ್ತು ಬರುವವರಿಗೆ ಗದ್ದೆಯ ಬದಿ ಬಿಡಬೇಕು. ಬಿದ್ದರೂ ಹುಲ್ಲಿನ ಮೇಲೆ. ಬರಿಗೈಯಲ್ಲಿ ಬರುವವರು ನೀರಿನ ಬದಿಗೆ ಸರಿಯಬೇಕು. ಊರಿನವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಹೋದ ವರ್ಷ, ಅಂದರೆ ಎಂಬತ್ತೆರಡರಲ್ಲಿ, ಏರಿಯ ನಡುವೆ ತೂಬಿನ ಹತ್ತಿರ ಲೋಕೋಪಯೋಗಿ ಇಲಾಖೆಯವರು ಹಲಗೆಯೊಂದನ್ನು ನೆಟ್ಟರು. ಗಾಡಿ, ದನ ನೀರಿನ ಬದಿಗೆ, ಸೈಕಲ್ ಗದ್ದೆಯ ಬದಿಗೆ ಎಂದು ಚಿತ್ರ ಬರೆದು ಬಾಣ ಹಾಕಿದರು. ಹಲಗೆಯ ಎರಡು ಮುಖದಲ್ಲೂ ಹಾಗೆಯೇ ಬರೆದರು. ಹೀಗಾಗಿ ಹೋಗುವ ಸೈಕಲ್ಲಿಗೂ ಬರುವ ಸೈಕಲ್ಲಿಗೂ ಒಂದೇ ಬದಿ. ರಾತ್ರಿ ಪಾಳಿ ಮುಗಿಸಿ ಹೊಸೂರಿನಿಂದ ಮರಳುವ ಕಾರ್ಖಾನೆಯ ಹುಡುಗರಲ್ಲಿ ಹೆಚ್ಚಿನವರು ಹೊರಗಿನಿಂದ ಬಂದವರು. ಅವರಿಗೆ ವಾಡಿಕೆ ಗೊತ್ತಿಲ್ಲ, ಬಾಣ ಕಾಣುತ್ತದೆ.

ಕನಕಪುರದ ಕಡೆಯಿಂದ ಬಂದ ಫಿಟ್ಟರ್ ಮರಿಸ್ವಾಮಿ ಅವರಲ್ಲೊಬ್ಬರು. ಹೋದ ಕಾರ್ತಿಕದ ಮಂಜಿನಲ್ಲಿ ಅವರಿಗೂ ರಾಮಾಂಜಿನಪ್ಪನವರಿಗೂ ಮುಖಾಮುಖಿ ಡಿಕ್ಕಿಯಾಯಿತು. ಮರಿಸ್ವಾಮಿಯ ಹೆಗಲ ಮೂಳೆ ಮುರಿಯಿತು.

"ಬಾಣ ನೋಡ್ಕಂಡೇ ಬಂದೆ ಸಾರ್. ಬಾಣದ ತುದೀಲಿ ಈ ಅಣ್ಣ ಇದ್ದ," ಎಂದು ಮರಿಸ್ವಾಮಿ ರಾಮಾಂಜಿನಪ್ಪನವರ ಮನೆಯ ಜಗುಲಿಯಲ್ಲಿ ಕೂತು, ಕೇಳಲು ಬಂದವರಿಗೆ ಹೇಳಿ ನಗುತ್ತಾರೆ.

ರಾಮಾಂಜಿನಪ್ಪ ನಗುವುದಿಲ್ಲ. "ನಗ್ಬೇಡ ಕಣ್ಲಾ. ಮೂಳೆ ಮುರ್ದಿದ್ದು ನನ್ ಕಿವೀಗೆ ಕೇಳ್ತು. ಇನ್ನೊಬ್ಬನ್ನ ಹಂಗೆ ಕೆಡವಿದ್ರೆ ಸೈಕಲ್ ಮಾರ್ಬುಡ್ತೀನಿ."

"ಮಾರ್ಬುಟ್ಟು? ಎಮ್ಮೆ ಮೇಲೆ ಕೂತ್ಕಂಡು ಹಾಲು ಹಾಕ್ತೀಯಾ?" ಒಳಗಿನಿಂದ ಗೋವಿಂದಮ್ಮನವರ ದನಿ. ಈ ಮನೆಗೆ ಬೇರೆ ದುಡಿಮೆ ಇಲ್ಲ.

ಅಂದಿನಿಂದ ಇಬ್ಬರೂ ಸೇರಿ ಇತರ ಸೈಕಲ್ಲಿನವರನ್ನು ಕರೆದುಕೊಂಡು ಆ ಇಲಾಖೆಯ ಕಚೇರಿಗೆ ಅಲೆದಿದ್ದಾರೆ. "ದನ ಒಂದು ಕಡೆ, ಸೈಕಲ್ ಒಂದು ಕಡೆ. ಇದರಲ್ಲಿ ತಪ್ಪೇನಪ್ಪಾ?" ಎಂದು ಓವರ್‌ಸೀಯರ್ ಕೇಳುತ್ತಿದ್ದರು. ಒಮ್ಮೆ ಜೀಪಿನಲ್ಲಿ ಬಂದು ನೋಡಿದ್ದೂ ಉಂಟು. ಆಗ ಒಂಬತ್ತು ಗಂಟೆ; ಏರಿಯ ಮೇಲೆ ಮೇಕೆಗಳು ಮಾತ್ರ ಇದ್ದವು. "ಆರು ಗಂಟೆಗೆ ಬನ್ನಿ ಸಾರ್, ಸೈಕಲ್ ಮೇಲೆ ಬನ್ನಿ," ಎಂದು ರಾಮಾಂಜಿನಪ್ಪ ಪಟ್ಟು ಹಿಡಿದರು. ಕೊನೆಗೆ ಓವರ್‌ಸೀಯರ್ ಒಪ್ಪಿದರು.

ಅವರು ಬರುವುದು ಇವತ್ತು.

ಮಂಜು ದಟ್ಟವಾಗಿದೆ. ಪಾಳಿ ಮುಗಿಸಿ ಬಂದ ಮರಿಸ್ವಾಮಿ ಹಲಗೆಯ ಬಳಿ ಇಳಿದು ನೀರಿನ ಬದಿಯಲ್ಲಿ ನಿಂತಿದ್ದಾರೆ. ಹಿಂದೆ ಬರುವವರನ್ನೆಲ್ಲ ತಮ್ಮ ಬದಿಗೆ ಕರೆಯುತ್ತಿದ್ದಾರೆ. ಬಾಗಲೂರಿನ ಕಡೆಯಿಂದ ಕೂಗು ಹತ್ತಿರವಾಗುತ್ತಿದೆ: "ಹಾಲೋ, ಹಾಲು!"

ಹೊಸೂರಿನ ಕಡೆಯಿಂದ ಇನ್ನೊಂದು ಸೈಕಲ್. ಮಫ್ಲರ್ ಸುತ್ತಿಕೊಂಡ ಓವರ್‌ಸೀಯರ್. ಹಲಗೆಯನ್ನು ತಲೆಯೆತ್ತಿ ನೋಡಿ, ಬಾಣದಂತೆ ಸೈಕಲ್ಲನ್ನು ಗದ್ದೆಯ ಬದಿಗೆ ತಿರುಗಿಸುತ್ತಾರೆ.

"ಸಾರ್, ನೀರಿನ್ ಕಡೆ! ನೀರಿನ್ ಕಡೆ ಬನ್ನಿ!" ಮರಿಸ್ವಾಮಿ ಕಿರುಚುತ್ತಾರೆ.

ಮಂಜಿನಿಂದ ಕ್ಯಾನುಗಳು ಹೊರಬರುತ್ತವೆ. ಓವರ್‌ಸೀಯರ್ ಗಾಬರಿಯಿಂದ ಬ್ರೇಕ್ ಒತ್ತಿ ದಾರಿಯ ನಡುವೆಯೇ ನಿಂತುಬಿಡುತ್ತಾರೆ. ರಾಮಾಂಜಿನಪ್ಪನವರಿಗೆ ಅವರು ಕಂಡದ್ದು ಹತ್ತು ಮಾರು ದೂರದಲ್ಲಿ. ರಾಮಾಂಜಿನಪ್ಪ ಹ್ಯಾಂಡಲನ್ನು ಇಳಿಜಾರಿನ ಕಡೆಗೆ ತಿರುಗಿಸುತ್ತಾರೆ. ಸೈಕಲ್, ಕ್ಯಾನು, ಮನುಷ್ಯ ಎಲ್ಲ ಒಟ್ಟಿಗೆ ಉರುಳುತ್ತವೆ.

ಮರಿಸ್ವಾಮಿ ಜಾರಿಕೊಂಡೇ ಕೆಳಗಿಳಿಯುತ್ತಾರೆ. ರಾಮಾಂಜಿನಪ್ಪನವರ ಮೊಣಕೈ ತರಚಿದೆ, ಮೈಯೆಲ್ಲ ಹಾಲು. ಎದ್ದು ಕೂತವರೇ ಮೊದಲು ಮೇಲೆ ನೋಡುತ್ತಾರೆ.

"ಅವರ್‌ಗೇನಾರ ಆಯ್ತೇನ್ಲಾ?"

"ಏನೂ ಆಗಿಲ್ಲ ಕಣಣ್ಣ. ನಿಂತವ್ರೆ."

ಓವರ್‌ಸೀಯರ್ ಕೆಳಗಿಳಿದು ಬಂದು ಉರುಳಿದ ಕ್ಯಾನೊಂದನ್ನು ಎತ್ತಿ ನಿಲ್ಲಿಸುತ್ತಾರೆ. "ನಾನು... ಬೋರ್ಡ್ ನೋಡಿ..."

"ನಿಮ್ದೇನೂ ತಪ್ಪಿಲ್ಲ ಬುಡಿ ಸಾರ್," ಎನ್ನುತ್ತಾರೆ ರಾಮಾಂಜಿನಪ್ಪ. "ಬೋರ್ಡ್ ಹೇಳ್ದಂಗೇ ಬಂದ್ರಿ."

ಬಗ್ಗಿದ ಹ್ಯಾಂಡಲನ್ನು ಮರಿಸ್ವಾಮಿ ಮೊಣಕಾಲಿಗೆ ಒತ್ತಿ ನೇರ ಮಾಡುತ್ತಾರೆ. ಚೆಲ್ಲದೆ ಉಳಿದದ್ದು ಒಂದು ಕ್ಯಾನು. ಅದನ್ನು ಕಟ್ಟಿದ ಮೇಲೆ ಸೈಕಲ್ಲನ್ನು ಹಿಂದಿನಿಂದ ಹಿಡಿದು ತಳ್ಳಿದವರು ಮರಿಸ್ವಾಮಿ ಮತ್ತು ಓವರ್‌ಸೀಯರ್.

ಗುರುವಾರ ಕಚೇರಿಯಿಂದ ಇಬ್ಬರು ಬಂದು, ಹೊಸೂರಿನ ಕಡೆಗಿರುವ ಮುಖದಲ್ಲಿ ಸೈಕಲ್ಲಿನ ಬಾಣವನ್ನು ಅಳಿಸಿ, ನೀರಿನ ಬದಿಗೆ ತಿರುಗಿಸಿ ಬರೆದು ಹೋದರು.