ಕಾಲ್ಬೆರಳು ಮುಟ್ಟಿ ನೋಡುವ ಬಿಸಿಯಕ್ಕ

ಬೆಳಗಿನ ಆರು ಗಂಟೆ. ರವಾನೆ ಕೇಂದ್ರದ ಒಳಕೋಣೆಯಲ್ಲಿ ಬಿಸಿನೀರಿನ ಬಕೆಟ್ಟು ಹಬೆಯಾಡುತ್ತಿದೆ. ಎಲ್ಲರೂ ಬಿಸಿಯಕ್ಕ ಎಂದು ಕರೆಯುವ ಹೆಂಗಸು ಸ್ಟೂಲಿನ ಮೇಲೆ ಕೂತು, ಎದುರಿನ ಮುದುಕಿಯ ಪಾದಗಳನ್ನು ಟವೆಲಿನಿಂದ ಉಜ್ಜುತ್ತಿದ್ದಾರೆ. ಮುದುಕಿ ಬೇರೆ ಯಾರೂ ಅಲ್ಲ, ಹೆತ್ತ ತಾಯಿ. ಎಂಟು ಗಂಟೆಗೆ ದೂರದ ಆಸ್ಪತ್ರೆಯಲ್ಲಿ ಅವರಿಗೆ ಹೃದಯದ ಆಪರೇಷನ್. ರಸ್ತೆಯಲ್ಲಿ ಹೋದರೆ ಎರಡು ದಿನ, ಮನುಷ್ಯರನ್ನೇ ರವಾನಿಸುವ ಇಲ್ಲಿನ ಯಂತ್ರದಲ್ಲಿ ಕಣ್ಣು ಮಿಟುಕಿಸುವಷ್ಟು ಹೊತ್ತು.

ಏನನ್ನು ಕಳಿಸಬೇಕು, ಏನನ್ನು ಬಿಡಬೇಕು ಎಂಬುದಕ್ಕೆ ಯಂತ್ರಕ್ಕೆ ಗೊತ್ತಿರುವುದು ಒಂದೇ ನಿಯಮ. ಮೈಯಷ್ಟು ಬೆಚ್ಚಗಿದ್ದದ್ದು ಪ್ರಯಾಣಿಕ, ತಣ್ಣಗಿದ್ದದ್ದು ಸಾಮಾನು. ಉಟ್ಟ ಬಟ್ಟೆ ಮೈಶಾಖಕ್ಕೆ ಬೆಚ್ಚಗಾಗಿ ಜೊತೆಗೇ ಹೋಗುತ್ತದೆ. ಕನ್ನಡಕ, ಚಪ್ಪಲಿ ಯಂತ್ರದೊಳಗೆ ನಿಲ್ಲುವ ಮಣೆಯ ಮೇಲೇ ಉಳಿಯುತ್ತವೆ. "ಕನ್ನಡಕ ಉಳಿದ್ರೆ ಲಾರೀಲಿ ಕಳಿಸಬಹುದು. ಬೆರಳು ಉಳಿದ್ರೆ?" ಎನ್ನುತ್ತಾರೆ ಬಿಸಿಯಕ್ಕ.

ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ದಿನಕ್ಕೆ ನೂರನಲವತ್ತು ಜನ. ಬೆರಳೆಷ್ಟಾಯಿತೆಂದು ನೀವೇ ಗುಣಿಸಿಕೊಳ್ಳಿ. ನಾನೂ ಎಷ್ಟೋ ಸಲ ಇವರ ಮುಂದೆ ಕಾಲು ಚಾಚಿ ಪೇಪರ್ ಓದಿದ್ದೇನೆ, ಮುಖ ಎತ್ತಿ ನೋಡಿರಲಿಲ್ಲ. ಈಗ ಇವರ ಬಗ್ಗೆ ಬರೆಯಲು ಬಂದು ಕೂತಾಗ ನಾಚಿಕೆಯಾಗುತ್ತದೆ.

ಎಡವಿದ್ದು ಒಂದೇ ಸಲ, ಹನ್ನೊಂದು ವರ್ಷದ ಹಿಂದೆ. ಅವಸರದಲ್ಲಿದ್ದ ಮೇಷ್ಟ್ರೊಬ್ಬರು ಕಾಲುಚೀಲ ಬಿಚ್ಚಲು ಒಪ್ಪದೆ, ಬೆಚ್ಚಗೇ ಇದೆ ಎಂದರಂತೆ. ಇವರು ನಂಬಿದರು. ಮೇಷ್ಟ್ರು ಹೋದರು, ಕಿರುಬೆರಳು ಉಳಿಯಿತು. ಅವರು ಕ್ಷಮಿಸಿ ಕಾಗದ ಬರೆದರೂ ಬಿಸಿಯಕ್ಕ ತಮ್ಮನ್ನು ತಾವು ಕ್ಷಮಿಸಿಕೊಂಡಿಲ್ಲ. ಅಂದಿನಿಂದ ಯಾರ ಬಾಯಿಮಾತನ್ನೂ ನಂಬುವುದಿಲ್ಲ.

ಏಳೂವರೆ ದಾಟಿದೆ. ನಾಲ್ಕು ಬಕೆಟ್ ನೀರು ಮುಗಿದರೂ ತಾಯಿಯ ಪಾದ ಬಿಸಿಯಾಗಿಲ್ಲ. ಯಂತ್ರದ ಗುಂಡಿ ಒತ್ತುವವರು ಮೂರನೇ ಸಲ ಇಣುಕಿ ಹೋದರು. ಇವತ್ತು ತಪ್ಪಿದರೆ ಮತ್ತೆ ಮೂರು ತಿಂಗಳು. ಅಷ್ಟು ದಿನ ಆ ಹೃದಯ ತಡೆಯದು ಎಂದಿದ್ದಾರೆ ಡಾಕ್ಟರು.

"ಬಿಸಿ ಆಗಿದೆ ಕಣೇ, ಕಳಿಸು," ಎನ್ನುತ್ತಾರೆ ತಾಯಿ.

"ನೀನು ಸುಮ್ನಿರಮ್ಮ. ನಿನ್ನ ಕಾಲು ಹೇಳ್ಲಿ."

ಬಿಸಿಯಕ್ಕ ಸ್ವೆಟರ್ ಎತ್ತಿ ಆ ಪಾದಗಳನ್ನು ತಮ್ಮ ಹೊಟ್ಟೆಗೆ ಒತ್ತಿಕೊಳ್ಳುತ್ತಾರೆ. ಹತ್ತು ನಿಮಿಷ ಹಾಗೇ ಹಿಡಿದಿರುತ್ತಾರೆ. ಆಮೇಲೆ ಒಂದೊಂದೇ ಬೆರಳು ಮುಟ್ಟಿ ನೋಡುತ್ತಾರೆ, ಕಿರುಬೆರಳನ್ನು ಎರಡೆರಡು ಸಲ. ತಾಯಿಯನ್ನು ಮಣೆ ಹತ್ತಿಸಿ ಗುಂಡಿಯವರಿಗೆ ಸನ್ನೆ ಮಾಡುತ್ತಾರೆ.

ಕಣ್ಣು ಮಿಟುಕಿಸುವಷ್ಟರಲ್ಲಿ ಮಣೆಯ ಮೇಲೆ ತಾಯಿ ಇಲ್ಲ. ಬಿಸಿಯಕ್ಕ ಗೋಡೆಗೆ ಮುಖ ತಿರುಗಿಸಿದ್ದಾರೆ. "ನನ್ನ ಕೈಲಾಗಲ್ಲ. ನೀವೇ ನೋಡಿ ಹೇಳಿ."

ಜೀವ ಕೈಯಲ್ಲಿ ಹಿಡಿದುಕೊಂಡು ಬಗ್ಗಿ ನೋಡುತ್ತೇನೆ. ಮಣೆಯ ಮೇಲೆ ಕನ್ನಡಕ ಮಾತ್ರ ಇದೆ. ಹಾಗೆಂದು ಹೇಳಿದರೂ ಅವರು ತಿರುಗುವುದಿಲ್ಲ. ನನ್ನದೂ ಬಾಯಿಮಾತು ತಾನೇ.

ಅಷ್ಟರಲ್ಲಿ ಫೋನು. ಆ ಕಡೆ ತಾಯಿ.

"ಕನ್ನಡಕ ಇಲ್ವಲ್ಲ, ನಿನ್ನ ಹಾಗೇ ಮುಟ್ಟಿ ಎಣಿಸ್ದೆ. ಹತ್ತೂ ಇವೆ ಕಣೇ."

ಬಿಸಿಯಕ್ಕ ಸೆರಗಿನಿಂದ ಕಣ್ಣೊರೆಸಿ, ಬಕೆಟ್ಟಿಗೆ ನೀರು ತುಂಬಿ, ಬಾಗಿಲ ಕಡೆ ತಿರುಗುತ್ತಾರೆ.

"ಮುಂದಿನವ್ರು ಬನ್ನಿ. ಕಾಲುಚೀಲ ಬಿಚ್ಚಿ."