ಟ್ರಯಲ್ಸ್ ದಿನದ ಶಾಲು

ನಮ್ಮೂರ ಕಾಲೇಜಿನಲ್ಲಿ ಓದಿ ದುಬೈಗೆ ಬಂದವರು ಕಟ್ಟಿಕೊಂಡಿರುವ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಮಹಿಳಾ ವಾಲಿಬಾಲ್ ತಂಡ ಇದೆ. ಅದರಲ್ಲಿ ನಾನು ಲಿಫ್ಟರ್ ಆಗಿದ್ದೆ. ಬಂದ ಚೆಂಡನ್ನು ಬೆರಳ ತುದಿಯಿಂದ ನೆಟ್ಟಿನ ಮೇಲಕ್ಕೆ ಎತ್ತಿಕೊಡುವುದು ಲಿಫ್ಟರ್ ಕೆಲಸ. ಅದಕ್ಕೆ ಹಾರಿ ಹೊಡೆಯುವವಳು ಸ್ಮ್ಯಾಷರ್. ಚಪ್ಪಾಳೆಯೆಲ್ಲ ಅವಳಿಗೆ. ನನಗೆ ಅದರ ಬೇಜಾರಿರಲಿಲ್ಲ, ಯಾಕೆಂದರೆ ನಮ್ಮ ಸ್ಮ್ಯಾಷರ್ ನನ್ನ ಗೆಳತಿಯೇ. ಕಾಲೇಜಿನಲ್ಲೂ ಒಂದೇ ಬೆಂಚು, ಒಂದೇ ತಂಡ. ಅವಳ ಕಾಲು ನೆಲ ಬಿಡುವ ಗಳಿಗೆ ನನಗೆ ನೋಡದೆಯೇ ಗೊತ್ತಾಗುತ್ತಿತ್ತು.

ಪ್ರತಿ ಶನಿವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಮಿರ್ದಿಫ್‌ನ ಮನೆಯಿಂದ ಹೊರಟು ಅಲ್ ಮುರಕ್ಕಬಾತ್‌ನಲ್ಲಿ ಅವಳ ಕಟ್ಟಡದ ಕೆಳಗೆ ಕಾರು ನಿಲ್ಲಿಸಿದರೆ, ಒದ್ದೆ ಕೂದಲಿನಲ್ಲೇ ಇಳಿದು ಬರುತ್ತಿದ್ದಳು. "ಕಾರಲ್ಲೂ ಲಿಫ್ಟು, ಕೋರ್ಟಲ್ಲೂ ಲಿಫ್ಟು. ನಿಂಗೆ ಪುಣ್ಯ ಉಂಟು ಮಾರಾಯ್ತಿ," ಎನ್ನುತ್ತ ನನ್ನ ಡಬ್ಬಿ ಬಿಚ್ಚಿ ಬನ್ಸ್ ತಿನ್ನುತ್ತಿದ್ದಳು.

ಹೋದ ಚಳಿಗಾಲ ಇನ್ನೊಬ್ಬಳು ಲಿಫ್ಟರ್ ಬಂದಳು. ನಮ್ಮದೇ ಕಾಲೇಜು, ನಮಗಿಂತ ತುಂಬ ಚಿಕ್ಕವಳು, ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನಲ್ಲಿ ಕೆಲಸ. ಅಷ್ಟು ದೂರದಿಂದ ಡ್ರೈವ್ ಮಾಡಿಕೊಂಡು ಬರುತ್ತಿದ್ದಳು. ಅವಳ ಕೈಯಿಂದ ಚೆಂಡು ಸದ್ದಿಲ್ಲದೆ ಹೊರಡುತ್ತಿತ್ತು. ಒಳ್ಳೆಯ ಕೈ ಎಂದು ಮೊದಲು ಹೇಳಿದವಳು ನಾನೇ. ಆದರೆ ಸಂಘಗಳ ನಡುವಿನ ಪಂದ್ಯಾಟ ಹತ್ತಿರ ಬರುತ್ತಿತ್ತು, ತಂಡಕ್ಕೆ ಒಬ್ಬಳೇ ಲಿಫ್ಟರ್ ಸಾಕು.

ತಂಡ ನೋಡಿಕೊಳ್ಳುವವರು ನಮ್ಮ ಸೀನಿಯರ್ ಒಬ್ಬರು, ಎಲ್ಲರಿಗೂ ಅಣ್ಣ. "ಜಗಳ ಎಂತಕ್ಕೆ? ಟ್ರಯಲ್ಸ್ ಮಾಡುವ," ಎಂದರು. "ಒಂದು ಸೆಟ್ಟು ನೀವು, ಒಂದು ಸೆಟ್ಟು ಅವಳು. ಆಟವೇ ಹೇಳ್ತದೆ, ಖಲಾಸ್."

ನ್ಯಾಯದ ಮಾತೇ. ಆ ವಾರವಿಡೀ ಅಡುಗೆ ಮುಗಿಸಿ ಮನೆಯ ಹಾಲ್‌ನ ಗೋಡೆಗೆ ಚೆಂಡು ಎತ್ತಿ ಅಭ್ಯಾಸ ಮಾಡಿದೆ. "ಮಮ್ಮಾ, ನೇಬರ್ಸ್ ಕಂಪ್ಲೇಂಟ್ ಮಾಡ್ತಾರೆ, ಸೀರಿಯಸ್ಲಿ," ಎಂದು ಮಗಳು ಬೈದಳು.

ಬಾಡಿಗೆಗೆ ಹಿಡಿದ ಶಾಲೆಯೊಂದರ ಒಳಾಂಗಣದಲ್ಲಿ ಟ್ರಯಲ್ಸ್ ನಡೆಯಿತು. ಮೊದಲ ಸೆಟ್ಟು ನನ್ನದು. ಗೆಳತಿಗೆ ಚೆಂಡು ಎತ್ತಿದೆ. ಅವಳು ಹಾರಲಿಲ್ಲ, ನಿಂತಲ್ಲಿಂದಲೇ ಆಚೆಗೆ ತಳ್ಳಿದಳು. ಮುಂದಿನದನ್ನು ಇನ್ನಷ್ಟು ಎತ್ತರಕ್ಕೆ ಕೊಟ್ಟೆ. ಆಗಲೂ ಇಲ್ಲ. "ದೂರ ಹೋಯ್ತು," ಎಂದಳು. ಹತ್ತಿರ ಕೊಟ್ಟರೆ "ತಗ್ಗಾಯ್ತು" ಎಂದಳು. ಆಮೇಲಾಮೇಲೆ ನಾನು ನನ್ನ ಬೆರಳುಗಳನ್ನೇ ನೋಡಿಕೊಳ್ಳತೊಡಗಿದೆ. ವಯಸ್ಸಾಯಿತು, ಕೈ ಹೋಯಿತು ಅಂದುಕೊಂಡೆ. ಎರಡನೇ ಸೆಟ್ಟಿನಲ್ಲಿ ಆ ಹುಡುಗಿ ಎತ್ತಿದ ಒಂದೊಂದು ಚೆಂಡಿಗೂ ಗೆಳತಿ ಹಾರಿದಳು.

ಆಟ ಮುಗಿದದ್ದೇ ತಡ, ಅಣ್ಣ ಕಾರಿನ ಡಿಕ್ಕಿಯಿಂದ ಚೀಲ ತಂದರು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. "ನಿಮ್ಮ ಅಕ್ಕ ಇನ್ನು ಮುಂದೆ ನಮ್ಮ ತಂಡದ ಮಾರ್ಗದರ್ಶಕಿ!" ಎಂದು ಬೆವರು ಆರದ ಜರ್ಸಿಯ ಮೇಲೆಯೇ ಶಾಲು ಹೊದಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹಾರಕ್ಕೆ ತಲೆ ಬಗ್ಗಿಸುವಾಗ ಸ್ಮರಣಿಕೆ ಕಣ್ಣಿಗೆ ಬಿತ್ತು. ಗಾಜಿನಲ್ಲಿ ನನ್ನ ಹೆಸರು ಕೆತ್ತಿತ್ತು. ಈಗಷ್ಟೇ ಸೋತವಳ ಹೆಸರು ಯಾವ ಅಂಗಡಿಯವನು ಯಾವಾಗ ಕೆತ್ತಿದ?

ಅದೂ ಇಲ್ಲಿನವರು ಬಲ್ಲ ಹೆಸರಲ್ಲ. ಇಲ್ಲಿ ನನ್ನ ಹೆಸರಿನ ಮುಂದೆ ಗಂಡನ ಹೆಸರಿದೆ. ಕೆತ್ತಿದ್ದು ಕಾಲೇಜಿನ ಹಾಜರಿಯಲ್ಲಿ ಕರೆಯುತ್ತಿದ್ದ ಹೆಸರು, ಅಪ್ಪನ ಇನಿಷಿಯಲ್ ಸಮೇತ. ನನ್ನ ತರಗತಿಯಲ್ಲಿ ಕೂತು ಅದನ್ನು ಕೇಳಿದವಳು ಈ ಊರಿನಲ್ಲಿ ಒಬ್ಬಳೇ. ತಿರುಗಿ ನೋಡಿದೆ. ಅವಳು ಬಗ್ಗಿ ಶೂ ಲೇಸ್ ಕಟ್ಟುತ್ತಿದ್ದಳು.

ವಾಪಸು ಬರುವಾಗ ಕಾರಿನಲ್ಲಿ ಕೇಳಿದೆ. "ಯಾಕೆ ಹಾರ್ಲಿಲ್ಲ ನೀನು?"

"ಮಂಡಿ ನೋವು ಮಾರಾಯ್ತಿ."

"ಎರಡನೇ ಸೆಟ್ಟಿಗೆ ಗುಣ ಆಯ್ತಾ?"

ಅವಳು ಸೀಟ್ ಬೆಲ್ಟ್ ಎಳೆದು ಸರಿಮಾಡಿಕೊಂಡಳು. "ಅವಳನ್ನೇ ತಗೊಳ್ಳುದು ಅಂತ ಅಣ್ಣ ಮೊದ್ಲೇ ನಿಶ್ಚಯ ಮಾಡಿದ್ರು. ನಿನ್ನ ಎದುರು ಹೇಳ್ಲಿಕ್ಕೆ ಯಾರಿಗೂ ಮನಸ್ಸು ಬರ್ಲಿಲ್ಲ. ಆಟದಲ್ಲೇ ಗೊತ್ತಾದ್ರೆ ನಿಂಗೂ ಸಮಾಧಾನ ಅಲ್ವಾ?"

"ನನ್ನ ಕೈಯೇ ಹಾಳಾಯ್ತು ಅಂತ ನಂಬಿದೆ ನಾನು."

"ಹಾಗೆ ನಂಬಿದ್ರೆ ನಿಂಗೆ ಸುಲಭ ಅಂತ್ಲೇ ಮಾಡಿದ್ದು," ಎಂದಳು. ಸಮಾಧಾನ ಹೇಳುವವಳ ದನಿ.

ಹುಡುಗಿ ನನಗಿಂತ ಚೆನ್ನಾಗಿ ಆಡುತ್ತಾಳೋ ಏನೋ. ಇರಬಹುದು. ಕೇಳಿದ್ದರೆ ನಗುತ್ತ ಜಾಗ ಬಿಡುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಅತ್ತು, ನಾಲ್ಕು ಮಾತು ಬೈದು, ಆಮೇಲೆ ಬಿಡುತ್ತಿದ್ದೆ. ಆದರೆ ನಮ್ಮಿಬ್ಬರಲ್ಲಿ ಯಾರು ಮೇಲು ಎಂಬುದು ಆ ಬೆಳಿಗ್ಗೆ ತೀರ್ಮಾನವಾಗಲೇ ಇಲ್ಲ. ಲಿಫ್ಟರ್ ಕೈ ಹೇಗಿದೆ ಎಂದು ತಿಳಿಯಬೇಕಾದರೆ ಇನ್ನೊಬ್ಬಳು ಹಾರಬೇಕು. ಈಗ ಯಾರನ್ನು ಕೇಳಲಿ?

ಮುಂದಿನ ಶನಿವಾರ ಅವಳ ಫೋನು ಬಂತು. ನಾನು ದೋಸೆ ಹೊಯ್ಯುತ್ತಿದ್ದೆ.

"ಎಲ್ಲಿದ್ದಿ? ಕೆಳಗೆ ನಿಂತು ಎಷ್ಟು ಹೊತ್ತಾಯ್ತು!"

"ಮನೆಯಲ್ಲಿ."

"ಬರುದಿಲ್ವಾ? ಒಂದು ಮಾತು ಹೇಳ್ಬಾರ್ದಿತ್ತಾ ನಂಗೆ?"

ನಾನು ಫೋನು ಕಿವಿಗೆ ಒತ್ತಿಕೊಂಡೇ ದೋಸೆ ಮಗುಚಿದೆ. ಆಚೆಯಿಂದ ಗಾಡಿಗಳ ಸದ್ದು ಕೇಳುತ್ತಿತ್ತು. ಅವಳೂ ಫೋನು ಇಡಲಿಲ್ಲ.